ಸೌತ್ ಕೆರೊಲೈನಾದ ಆಸ್ಟ್ರೇಲಿಯಾ

ಎಲ್ಲದಕ್ಕೂ ಕಾರಣ ಒಂದು ಸ್ಟೀರಿಂಗು. ಅಮೆರಿಕದ ಗಾಡಿಗಳಲ್ಲಿ ಅದು ಎಡಗಡೆ ಇರುತ್ತದೆ, ಆಸ್ಟ್ರೇಲಿಯಾದಲ್ಲಿ ಬಲಗಡೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಒಬ್ಬ ಮನುಷ್ಯನ ಮಾನ ಹೋಗಬಹುದು ಅಂತ ಯಾರಾದರೂ ಹೇಳಿದ್ದರೆ ಗುರುದತ್ತ ನಕ್ಕುಬಿಡುತ್ತಿದ್ದ. ಈಗ ನಗುವ ಸರದಿ ಬೇರೆಯವರದ್ದು.

ಗುರುದತ್ತ ಅಮೆರಿಕದ ರೆಸ್ಟನ್ ಊರಿನಲ್ಲಿ ಹದಿನೇಳು ವರ್ಷದಿಂದ ಇರುವ ಸಾಧು ಪ್ರಾಣಿ. ಸಿಗರೇಟಿಲ್ಲ, ಕುಡಿತವಿಲ್ಲ. ಇರುವುದು ಒಂದೇ ಚಟ, ಯಾವ ಕೆಲಸವನ್ನಾದರೂ ಮಾಡುವ ಮೊದಲೇ ಊರಿಗೆಲ್ಲ ಹೇಳಿಬಿಡುವುದು. ಆ ವರ್ಷ, ಅಂದರೆ ಎರಡು ಸಾವಿರದ ಇಪ್ಪತ್ಮೂರರಲ್ಲಿ, ಜುಲೈ ತಿಂಗಳು ಹೆಂಡತಿ ರತ್ನಾ, ಮಗಳು ಸುರಭಿಯ ಜೊತೆ ಆಸ್ಟ್ರೇಲಿಯಾದ ನಿರ್ಜನ ಒಳನಾಡಾದ ಔಟ್‌ಬ್ಯಾಕಿನಲ್ಲಿ ಹತ್ತು ದಿನ ಕ್ಯಾರವಾನ್ ಪ್ರವಾಸ ಅಂತ ಫೆಬ್ರವರಿಯಲ್ಲೇ ಘೋಷಿಸಿದ. ಏಪ್ರಿಲಿನ ಯುಗಾದಿ ಕಾರ್ಯಕ್ರಮದಲ್ಲಿ ಮೈಕು ಹಿಡಿದು ನಲವತ್ತು ನಿಮಿಷ ಮಾತಾಡಿದ. "ಮುನ್ನೂರು ಮೈಲಿಗೆ ಒಂದು ಗ್ಯಾಸ್ ಸ್ಟೇಷನ್ನು! ಒಬ್ಬ ಕನ್ನಡಿಗ ಕಣ್ಣಿಗೆ ಬೀಳಲ್ಲ!" ಅಂದ. ಚಪ್ಪಾಳೆ ಬಿತ್ತು, ಕೊನೆಯ ಮಾತಿಗೆ ಸ್ವಲ್ಪ ಕಡಿಮೆ. ಹೊರಡುವ ವಾರ ನಲವತ್ತು ಜನ ಸೇರಿ, ಮನೆಗೊಂದು ಅಡುಗೆ ತಂದು ಪಾಟ್‌ಲಕ್ ಮಾಡಿ, ಹಾರ ಹಾಕಿ, ಬೀಳ್ಕೊಟ್ಟರು. ಪಕ್ಕದ ಮನೆಯ ಶಿವಕ್ಕ ಮೂವತ್ತು ಕಡಕ್ ರೊಟ್ಟಿ ಕಟ್ಟಿಕೊಟ್ಟಳು.

ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ವೀಸಾ ನೆನಪಾಯಿತು.

ರತ್ನಾಗೂ ಸುರಭಿಗೂ ಅಮೆರಿಕದ ಪಾಸ್‌ಪೋರ್ಟು. ಫೋನಿನಲ್ಲಿ ಹತ್ತು ನಿಮಿಷದ ಕೆಲಸ, ಮುಗಿಯಿತು. ಗುರುದತ್ತನದು ಮಾತ್ರ ಇನ್ನೂ ಭಾರತದ್ದು. ಅದನ್ನು ಪ್ರಾಣ ಹೋದರೂ ಬದಲಿಸುವುದಿಲ್ಲ ಅಂತ ಬೇರೊಂದು ಮೈಕಿನಲ್ಲಿ ಹೇಳಿಬಿಟ್ಟಿದ್ದ. ಭಾರತದ ಪಾಸ್‌ಪೋರ್ಟಿಗೆ ವೀಸಾ ಕೈಗೆ ಬರಲು ವಾರಗಟ್ಟಲೆ ಬೇಕು. ಅಂದು ಸಂಜೆಯೇ ಅರ್ಜಿ ಹಾಕಿದ. ವಿಮಾನ ಹೊರಡುವ ದಿನವೂ ಉತ್ತರ ಬರಲಿಲ್ಲ.

"ಎಲ್ರಿಗೂ ಹೇಳ್ಬಿಡಿ, ಕ್ಯಾನ್ಸಲ್ ಆಯ್ತು ಅಂತ. ಅದರಲ್ಲೇನಿದೆ?" ಎಂದಳು ರತ್ನಾ.

"ಹೇಳೋದಾ? ಕಲ್ಮೇಶನ ಕತೆ ಮರೆತ್ಯಾ?"

ರತ್ನಾ ಮರೆತಿರಲಿಲ್ಲ. ಕಲ್ಮೇಶ್ ಒಂಬತ್ತು ವರ್ಷದ ಹಿಂದೆ ಒಂದು ದೋಣಿ ಕೊಂಡು, ಎಲ್ಲರನ್ನೂ ಕರೆದು, ಪೂಜೆ ಮಾಡಿಸಿ ನೀರಿಗೆ ಇಳಿಸಿದ್ದ. ದೋಣಿ ಇಳಿಯಿತು, ಇಳಿಯುತ್ತಲೇ ಹೋಯಿತು. ಅವತ್ತಿನಿಂದ ಅವನು ದೋಣಿ ಕಲ್ಮೇಶ. ಮಗಳ ಮದುವೆಯ ದಿನವೂ ಬೀಗರಿಗೆ ಅವನನ್ನು ಹಾಗೆಯೇ ಪರಿಚಯ ಮಾಡಿಸಿದ್ದರು. ರೆಸ್ಟನ್ನಿನ ಕನ್ನಡಿಗರು ಮದುವೆಯ ದಿನಾಂಕ ಮರೆತಾರು, ಇಂಥದ್ದನ್ನು ಮರೆಯುವವರಲ್ಲ. ಗುರುದತ್ತನಿಗೆ ಉಳಿದ ಆಯುಷ್ಯವೆಲ್ಲ "ಆಸ್ಟ್ರೇಲಿಯಾ ಗುರುದತ್ತ" ಅನ್ನಿಸಿಕೊಂಡು ಬದುಕುವ ಧೈರ್ಯ ಇರಲಿಲ್ಲ.

ಹಾಗಾಗಿ ಒಂದು ಕ್ಯಾರವಾನ್ ಬಾಡಿಗೆಗೆ ತೆಗೆದುಕೊಂಡು, ನಸುಕಿನಲ್ಲೇ ಮನೆ ಬಿಟ್ಟು, ಮೂವರೂ ದಕ್ಷಿಣಕ್ಕೆ ಓಡಿದರು. ಸೌತ್ ಕೆರೊಲೈನಾದಲ್ಲಿ, ಜಾರ್ಜಿಯಾ ಗಡಿಯ ಹತ್ತಿರ, ಒಂದು ಕ್ಯಾಂಪ್‌ಗ್ರೌಂಡ್ ಸಿಕ್ಕಿತು. ಅದರ ಹಿಂದೆ ಮನೆ ಕಟ್ಟಲಿಕ್ಕೆಂದು ಮರ ಕಡಿದು ಹರವಿದ್ದ ದೊಡ್ಡ ಬಯಲು. ಮಣ್ಣು ಕುಂಕುಮದ ಹಾಗೆ ಕೆಂಪು. ಔಟ್‌ಬ್ಯಾಕಿನ ಫೋಟೋಗಳಲ್ಲಿ ಇರುವುದೂ ಅದೇ ಕೆಂಪು. ಗುರುದತ್ತ ಗಾಡಿ ಇಳಿದು ಒಂದು ಹಿಡಿ ಮಣ್ಣೆತ್ತಿ ಕಣ್ಣಿಗೆ ಒತ್ತಿಕೊಂಡ.

ಉಳಿದದ್ದು ಸ್ಟೀರಿಂಗು ಒಂದೇ. ಅದಕ್ಕೂ ಹದಿಮೂರು ವರ್ಷದ ಸುರಭಿ ದಾರಿ ಹುಡುಕಿದಳು. "ಅಪ್ಪಾ, ಜಸ್ಟ್ ಫ್ಲಿಪ್ ಮಾಡು," ಎಂದು ಫೋನಿನಲ್ಲಿ ಒಂದು ಗುಂಡಿ ಒತ್ತಿದಳು. ಫೋಟೋ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿತು. ಎಡಗಡೆಯ ಸ್ಟೀರಿಂಗು ಬಲಗಡೆಗೆ ಬಂತು. ಗುರುದತ್ತ ಮಗಳ ತಲೆ ಸವರಿದ.

ದಿನವೂ ಸಂಜೆ ಆರು ಗಂಟೆಗೆ, ಅಂದರೆ ಅಲ್ಲಿಯ ಬೆಳಗ್ಗೆ ಏಳೂವರೆಗೆ ಲೆಕ್ಕ ಹಾಕಿ, ಒಂದು ಫೋಟೋವನ್ನು ರೆಸ್ಟನ್ನಿನ ವಾಟ್ಸಾಪ್ ಗುಂಪಿಗೆ ಹಾಕಿದ. ಮೂರನೆಯ ದಿನ ಸಣ್ಣ ಎಡವಟ್ಟಾಯಿತು. ಊಟದ ಫೋಟೋ ನೋಡಿ ಶಿವಕ್ಕ ಬರೆದಳು: "ಯವ್ವಾ, ಮೂರೂ ಮಂದಿ ಎಡಗೈಲೆ ಯಾಕ ಉಣ್ಣಾಕ ಹತ್ತೀರಿ?" ತಿರುಗಿಸಿದ ಫೋಟೋದಲ್ಲಿ ಕೈಗಳೂ ತಿರುಗಿದ್ದವು. "ಇಲ್ಲಿ ಅದೇ ಪದ್ಧತಿ" ಎಂದು ಗುರುದತ್ತ ಬರೆದು ಬೆವರು ಒರೆಸಿಕೊಂಡ. ಶಿವಕ್ಕ "ಎಂಥಾ ಹೊಲಸು ದೇಶ" ಎಂದು ಬರೆದಳು. ಅವತ್ತಿನಿಂದ ಉಣ್ಣುವ ಫೋಟೋ ಬಂದ್. ಬರಿ ತಟ್ಟೆಯ ಫೋಟೋ ಸಾಕು ಅಂತ ತೀರ್ಮಾನವಾಯಿತು.

ಶುಕ್ರವಾರ ಮಧ್ಯಾಹ್ನ ಕ್ಯಾರವಾನಿನ ಎಸಿ ಕೈಕೊಟ್ಟಿತು. ಜುಲೈ ತಿಂಗಳ ಕೆರೊಲೈನಾದ ಸೆಕೆ ಅಂದರೆ ಕುಕ್ಕರಿನೊಳಗೆ ಕೂತ ಹಾಗೆ. ಗುರುದತ್ತ ಅಂಗಿ ಬನಿಯನ್ ಎರಡನ್ನೂ ಕಿತ್ತೆಸೆದು ಪಂಚೆಯಲ್ಲಿ ಹೊರಗೆ ಬಂದು ನಿಂತ. ರತ್ನಾ ಮೊಸರನ್ನ ಕಲಸಿ, ಬಿಸಿಲಿಗೆ ಬೇಗ ತಿಂದು ಮುಗಿಯಲಿ ಅಂತ ಉಂಡೆ ಮಾಡಿ ತಟ್ಟೆಯಲ್ಲಿ ಸಾಲಾಗಿ ಇಟ್ಟಳು. ಎಲ್ಲಿಂದಲೋ ಒಂದು ಕಾಗೆ ಬಂದು ಮೇಜಿನ ತುದಿಯಲ್ಲಿ ಕೂತಿತು. ಗುರುದತ್ತ ತಾಮ್ರದ ಚೊಂಬಿನಿಂದ ಕೈಮೇಲೆ ನೀರು ಹೊಯ್ದುಕೊಳ್ಳುತ್ತಿದ್ದ. ಹಿಂದೆ ಕೆಂಪು ಬಯಲು, ಪಕ್ಕದಲ್ಲಿ ಕ್ಯಾರವಾನಿನ ಕಿಟಕಿಯೊಳಗೆ ಸ್ಟೀರಿಂಗು.

"ಅಪ್ಪಾ, ಡೋಂಟ್ ಮೂವ್!" ಎಂದು ಸುರಭಿ ಫೋಟೋ ಹೊಡೆದಳು, ತಿರುಗಿಸಿದಳು. ಯಾರೂ ಉಣ್ಣುತ್ತಿಲ್ಲ ಅಂತ ಮೂವರೂ ಖಾತ್ರಿ ಮಾಡಿಕೊಂಡರು. ಸಂಜೆ ಆರಕ್ಕೆ ಫೋಟೋ ಹೋಯಿತು.

ಶನಿವಾರ ಬೆಳಗ್ಗೆ ಎಂಟಕ್ಕೆ ಗುರುದತ್ತ ಕಾಫಿ ಹಿಡಿದು ಫೋನ್ ತೆರೆದ. ಎಷ್ಟು ಜನ ಹೊಗಳಿದ್ದಾರೆ ನೋಡೋಣ ಅಂತ ಆಸೆ. ಗುಂಪಿನಲ್ಲಿ ಐವತ್ತೆರಡು ಸಂದೇಶ. ಎಲ್ಲವೂ ಒಂದೇ: "ಓಂ ಶಾಂತಿ."

"ಅಯ್ಯೋ ರತ್ನಾ, ರೆಸ್ಟನ್‌ನಲ್ಲಿ ಯಾರೋ ಹೋಗ್ಬಿಟ್ಟಿದಾರೆ!"

"ಯಾರ್ರೀ?"

"ಗೊತ್ತಾಗ್ತಿಲ್ಲ. ಎಲ್ರೂ ಓಂ ಶಾಂತಿ ಅಂತ ಹಾಕಿದಾರೆ. ಮೇಲೆ ಹೋಗಿ ಹುಡುಕ್ತಾ ಕೂತ್ರೆ ಲೇಟಾಗತ್ತೆ. ನಾವು ಮಾತ್ರ ಹಾಕದೇ ಇದ್ರೆ ಚೆನ್ನಾಗಿರಲ್ಲ."

ಯಾರು ಸತ್ತರು ಅಂತ ತಿಳಿಯುವ ಮೊದಲೇ ಸಂತಾಪ ಹೇಳುವ ಈ ಅವಸರ ನಮ್ಮವರಲ್ಲಿ ಎಲ್ಲರಿಗೂ ಇದೆ, ಗುರುದತ್ತನನ್ನೇ ಯಾಕೆ ಬಯ್ಯಬೇಕು? ಅವನು ಮಾತ್ರ ಉಳಿದವರಿಗಿಂತ ಒಂದು ಹೆಜ್ಜೆ ಮುಂದೆ ಹೋದ. "ಓಂ ಶಾಂತಿ. ತುಂಬಾ ಒಳ್ಳೆಯ ಮನುಷ್ಯರು. ತುಂಬು ಜೀವನ ನಡೆಸಿದರು. ದೇವರ ಇಚ್ಛೆ" ಎಂದು ಬರೆದು ಎರಡು ಕೈ ಮುಗಿಯುವ ಚಿತ್ರ ಹಾಕಿದ.

ಅದಕ್ಕೆ ಸಾಲಾಗಿ ಉತ್ತರ ಬಂತು. "ಎಂಥ ಸಂಯಮ!" "ಧೈರ್ಯ ತಂದುಕೊಳ್ಳಿ ಗುರು." ಗುರುದತ್ತನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅಷ್ಟರಲ್ಲಿ ಎಸಿ ರಿಪೇರಿಯವನು ಬಂದ. ಫೋನು ಮರೆತುಹೋಯಿತು.

ಹನ್ನೊಂದೂವರೆಗೆ ಶೇಷಾದ್ರಿ ಅಂಕಲ್ ಫೋನ್ ಬಂತು. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಅಮೆರಿಕಕ್ಕೆ ಬಂದ ವಿಜ್ಞಾನಿ. ನಿವೃತ್ತರಾದ ಮೇಲೆ ರೆಸ್ಟನ್ನಿಗೆಲ್ಲ ಶಾಸ್ತ್ರ ಹೇಳುವ ಕೆಲಸ ತಾವಾಗಿಯೇ ವಹಿಸಿಕೊಂಡವರು. ಫೋನಿನಲ್ಲಿ ಅವರದು ಬರೀ ಮಾತು. ಕೇಳುವ ಅಭ್ಯಾಸ ಇಲ್ಲ.

"ಗುರು, ಮಾತಾಡ್ಬೇಡ, ನೀನು ಏರ್‌ಪೋರ್ಟಲ್ಲಿ ಇರ್ತೀಯ, ನಂಗೊತ್ತು. ನಿನ್ನೆ ಫೋಟೋ ನೋಡಿದ ತಕ್ಷಣ ನಾನು ಹೇಳ್ದೆ, ಇವನ ತಂದೆ ಹೋಗ್ಬಿಟ್ರು ಅಂತ. ನಿನ್ನ ಬಾಯಿಂದ ಹೇಳಕ್ಕಾಗದೆ ಫೋಟೋ ಹಾಕಿದೀಯ. ಇವತ್ತು ನೀನೇ ಬರೆದ್ಯಲ್ಲ, ಒಳ್ಳೆ ಮನುಷ್ಯರು ಅಂತ. ಕಣ್ಣಲ್ಲಿ ನೀರು ಬಂತಪ್ಪ. ನಾವು ಏಳು ಜನ ಬೆಳಗ್ಗೆ ಐದಕ್ಕೇ ಹೊರಟಿದೀವಿ, ನಿನ್ನ ತಮ್ಮ ಅವಿನಾಶನ ಮನೆಗೆ. ಸಾವಿನ ಮನೆಗೆ ಫೋನ್ ಮಾಡ್ಬಾರ್ದು, ಹೋಗ್ಬೇಕು. ಶಾರ್ಲಟ್ ದಾಟಿದೀವಿ. ಇಡ್ತೀನಿ."

ಇಟ್ಟೇಬಿಟ್ಟರು.

ಗುರುದತ್ತನ ಕಾಲ ಕೆಳಗಿನ ಕೆಂಪು ಮಣ್ಣು ಜಾರಿತು. ಅವನ ತಂದೆ ಶ್ಯಾಮರಾಯರು ಎಂಬತ್ತೊಂದು ವರ್ಷದವರು, ಎರಡು ತಿಂಗಳಿಂದ ಜಾರ್ಜಿಯಾದ ಜಾನ್ಸ್ ಕ್ರೀಕಿನಲ್ಲಿ ಅವಿನಾಶನ ಮನೆಯಲ್ಲಿದ್ದರು. ನಿಜವಾಗಿಯೂ ಹೋಗಿಬಿಟ್ಟರೇ? ತನಗಿಂತ ಮೊದಲು ಶೇಷಾದ್ರಿಗೆ ಗೊತ್ತಾಯಿತೇ? ಅಪ್ಪನ ನಂಬರು ಒತ್ತಿದ. ಆರು ಸಲ ರಿಂಗಾಯಿತು. ಹೋದ ತಿಂಗಳು ಅಪ್ಪ ಫೋನ್ ಮಾಡಿದಾಗ ಮೀಟಿಂಗ್ ಅಂತ ಹೇಳಿ ಕತ್ತರಿಸಿದ್ದು ನೆನಪಾಯಿತು.

"ಹಲೋ, ಯಾರು?" ಅಪ್ಪನದೇ ಗದರುವ ದನಿ.

"ಅಪ್ಪಾ! ಇದೀಯಾ?"

"ಇಲ್ಲದೆ ಏನು? ಉಪ್ಪಿಟ್ಟು ತಿಂತಿದೀನಿ. ಅವಿನಾಶನ ಮನೆಯೋರೆಲ್ಲ ಸಾಕರ್ ಟೂರ್ನಮೆಂಟಿಗೆ ಹೋಗಿದಾರೆ. ಯಾಕೋ ಅಳ್ತಿದೀಯ? ಆಸ್ಟ್ರೇಲಿಯಾದಲ್ಲಿ ಏನಾಯ್ತು?"

ಗುರುದತ್ತ ಮೂಗು ಒರೆಸಿಕೊಂಡು ನಿನ್ನೆಯ ಫೋಟೋ ತೆಗೆದು ನೋಡಿದ. ಈ ಸಲ ಕೈ ನೋಡಲಿಲ್ಲ, ಹೆಗಲು ನೋಡಿದ. ಎಡ ಹೆಗಲ ಮೇಲೆ ಇರಬೇಕಾದ ಜನಿವಾರ ಬಲ ಹೆಗಲ ಮೇಲಿತ್ತು. ಜನಿವಾರವನ್ನು ಹಾಗೆ ಹಾಕಿಕೊಳ್ಳುವುದು ಪಿತೃಕಾರ್ಯದಲ್ಲಿ ಮಾತ್ರ, ಅದೂ ತಂದೆ ಇಲ್ಲದವನು ಮಾತ್ರ. ಕೈಯಿಂದ ನೀರು ಬಿಡುತ್ತಿದ್ದಾನೆ. ಎದುರಿಗೆ ತಟ್ಟೆಯಲ್ಲಿ ಸಾಲಾಗಿ ಅನ್ನದ ಉಂಡೆ. ಪಕ್ಕದಲ್ಲಿ ಕಾಗೆ. ಆಸ್ಟ್ರೇಲಿಯಾದಲ್ಲಿ ಜುಲೈ ಅಂದರೆ ಚಳಿಗಾಲ. ಕೊರೆಯುವ ಬೆಳಗಿನ ಚಳಿಯಲ್ಲಿ ಒಬ್ಬ ಮನುಷ್ಯ ಬರಿಮೈಯಲ್ಲಿ ನಿಂತಿದ್ದರೆ ಇನ್ನೇನು ಅಂದುಕೊಳ್ಳಬೇಕು? ಇಡೀ ಶ್ರಾದ್ಧಕ್ಕೆ ಬ್ರಾಹ್ಮಣರ ದಕ್ಷಿಣೆ ಒಂದೇ ಬಾಕಿ.

ಗುರುದತ್ತ ಅಪ್ಪನಿಗೆ ಎಲ್ಲವನ್ನೂ ಹೇಳಿದ. ಅಪ್ಪ ಉಪ್ಪಿಟ್ಟು ಅಗಿಯುವುದು ನಿಂತಿತು.

"ಅಂದ್ರೆ ನಾನು ಸತ್ತಿದೀನಿ."

"ಮೂರು ಗಂಟೆಗೆ ಬರ್ತಾರಪ್ಪ. ಅಷ್ಟರೊಳಗೆ ನಾನು ಬಂದು ನಿನ್ನ ಕರ್ಕೊಂಡು ಹೋಗ್ಬಿಡ್ತೀನಿ. ಬಾಗಿಲು ತಟ್ಟಿ ತಟ್ಟಿ ವಾಪಸ್ ಹೋಗ್ತಾರೆ."

"ಮೂವತ್ತೆಂಟು ವರ್ಷ ಹೆಡ್‌ಮಾಸ್ಟರ್ ಆಗಿದ್ದವನು ನಾನು. ಸುಳ್ಳು ಹೇಳಿದ ಹುಡುಗರನ್ನ ಬೆಂಚಿನ ಮೇಲೆ ನಿಲ್ಲಿಸಿದೀನಿ. ಸತ್ತವನ ಪಾರ್ಟು ಮಾಡಕ್ಕೆ ನನ್ನಿಂದಾಗಲ್ಲ," ಎಂದು ಶ್ಯಾಮರಾಯರು ಫೋನ್ ಇಟ್ಟರು.

ರತ್ನಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಈಗಲಾದ್ರೂ ನಿಜ ಹೇಳ್ರಿ. ಒಂದು ಫೋನ್ ಮಾಡಿದ್ರೆ ಮುಗಿಯತ್ತೆ."

"ಹೇಳ್ತೀನಿ. ನಾಳೆಯಿಂದ ನಿನ್ನನ್ನ ಆಸ್ಟ್ರೇಲಿಯಾ ರತ್ನಾ ಅಂತಾರೆ. ಪರವಾಗಿಲ್ವಾ?"

ರತ್ನಾ ಒಂದು ಕ್ಷಣ ಯೋಚಿಸಿದಳು. "ಬೇಗ ಹೊರಡಿ," ಎಂದಳು.

ಬೇಗ ಹೊರಡುವ ಗಡಿಬಿಡಿಯಲ್ಲಿ ನೀರಿನ ಪೈಪು ಬಿಚ್ಚುವುದು ಮರೆತುಹೋಯಿತು. ಕ್ಯಾಂಪ್‌ಗ್ರೌಂಡಿನ ನಲ್ಲಿ ಸಮೇತ ಕಿತ್ತುಕೊಂಡು ಬಂದ ಪೈಪು ಕ್ಯಾರವಾನಿನ ಹಿಂದೆ ಬಾಲದ ಹಾಗೆ ಹೈವೇ ತುಂಬ ಎಳೆದಾಡಿತು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾದ ಮೇಲೆ ಗುರುದತ್ತನಿಗೆ ಗೊತ್ತಾಯಿತು. ಜಾರ್ಜಿಯಾ ಗಡಿ ದಾಟಿ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ, ಗಾಡಿಯ ಕೆಳಗೆ ಮಲಗಿ, ಚಕ್ರಕ್ಕೆ ಸುತ್ತಿಕೊಂಡಿದ್ದ ಪೈಪನ್ನು ಬಿಡಿಸುವುದರಲ್ಲಿ ಒಂದು ಗಂಟೆ ಹೋಯಿತು.

ಮೈಯೆಲ್ಲ ಗ್ರೀಸು ಮಾಡಿಕೊಂಡು ಅವನು ಈಚೆ ಬಂದಾಗ ಎದುರಿಗೆ ಏಳು ಜೊತೆ ಚಪ್ಪಲಿಗಳಿದ್ದವು.

"ಅಯ್ಯ ನನ್ನ ಶಿವನ! ಗುರು ಅಲ್ಲೇನು?" ಶಿವಕ್ಕನ ದನಿ.

ಮುನ್ನೂರು ಮೈಲಿಗೆ ಒಂದು ಗ್ಯಾಸ್ ಸ್ಟೇಷನ್ ಇರುವ ದೇಶಕ್ಕೆ ಹೋಗಬೇಕಾಗಿದ್ದದ್ದು ಯಾಕೆ ಅಂತ ಗುರುದತ್ತನಿಗೆ ಆಗ ಸರಿಯಾಗಿ ಅರ್ಥವಾಯಿತು. ಸಿಕ್ಕಿಬಿದ್ದೆ ಅಂತ ಕಣ್ಣು ಮುಚ್ಚಿದ. ಶಿವಕ್ಕನ ಗಂಡ ಡಾಕ್ಟರ್ ಬಸಲಿಂಗಪ್ಪ ಮುಂದೆ ಬಂದು ಅವನ ಗ್ರೀಸಿನ ಮೈಯನ್ನೇ ತಬ್ಬಿಕೊಂಡರು.

"ಎಷ್ಟು ಲಗೂನ ಬಂದ್ಯೋ ತಮ್ಮಾ! ಮಗಾ ಅಂದ್ರ ಹಿಂಗಿರಬೇಕು. ನಿನ್ನೆ ಅಲ್ಲಿ, ಇವತ್ತ ಇಲ್ಲಿ!"

"ಅದು ಹೆಂಗ್ ಸಾಧ್ಯ ಆತು?" ಎಂದಳು ಶಿವಕ್ಕ. ಅವಳ ಪ್ರಶ್ನೆಗಳೇ ಹಾಗೆ, ನೇರ.

ಎಲ್ಲರೂ ವಿಜ್ಞಾನಿಯ ಕಡೆ ತಿರುಗಿದರು. ಶೇಷಾದ್ರಿ ಅಂಕಲ್ ಬೆರಳು ಮಡಚಿ ಏನೋ ಎಣಿಸಿದರು. "ಡೇಟ್ ಲೈನ್! ಅಲ್ಲಿಂದ ಹೊರಟರೆ ಒಂದು ದಿನ ವಾಪಸ್ ಸಿಗತ್ತೆ. ಶನಿವಾರ ಹೊರಟು ಶನಿವಾರವೇ ತಲುಪೋದು. ಸಿಂಪಲ್," ಎಂದರು.

ಗುರುದತ್ತ ತಲೆಯಾಡಿಸಿದ. ತನಗೆ ಹೊಳೆಯದ ಸುಳ್ಳು ಒಬ್ಬ ವಿಜ್ಞಾನಿಗೆ ಹೊಳೆದದ್ದು ನೋಡಿ ಅವನಿಗೆ ವಿಜ್ಞಾನದ ಮೇಲೆ ಗೌರವ ಹೆಚ್ಚಿತು.

"ಆದರೆ ಈ ಕ್ಯಾರವಾನ್? ಫೋಟೋದಲ್ಲಿ ಇದ್ದದ್ದೇ ಅಲ್ವಾ?" ಶೇಷಾದ್ರಿ ಅಂಕಲ್ ಗಾಡಿಯನ್ನು ಸುತ್ತಿದರು.

"ಒಂದೇ ಕಂಪನಿ ಅಂಕಲ್. ನೋಡಿ, ಸ್ಟೀರಿಂಗ್ ಎಡಗಡೆ ಇದೆ," ಎಂದ ಗುರುದತ್ತ, ಐದು ದಿನದಲ್ಲಿ ಮೊದಲ ಸಲ ನಿಜ ಹೇಳುತ್ತ.

"ಆಂ, ಹೌದು. ಇದು ಬೇರೆ," ಎಂದು ಒಪ್ಪಿದರು.

ತಂದೆ ಕಳೆದುಕೊಂಡವನು ಒಬ್ಬನೇ ಗಾಡಿ ಓಡಿಸಬಾರದು ಅಂತ ಶೇಷಾದ್ರಿ ಅಂಕಲ್ ಕ್ಯಾರವಾನಿಗೇ ಹತ್ತಿ ಗುರುದತ್ತನ ಪಕ್ಕದಲ್ಲಿ ಕೂತರು. ಇನ್ನು ಅಪ್ಪನಿಗೆ ಫೋನ್ ಮಾಡುವ ಹಾಗಿಲ್ಲ. ಶಿವಕ್ಕ ಹಿಂದೆ ರತ್ನಾಳ ಕೈ ಹಿಡಿದು ಕೂತಳು. "ಅಳು ಬಂದ್ರ ಅತ್ತುಬಿಡವಾ, ತಡೀಬ್ಯಾಡ," ಎಂದು ಬೆನ್ನು ಸವರಿದಳು. ರತ್ನಾಗೆ ನಿಜವಾಗಿಯೂ ಅಳು ಬಂತು, ಕಾರಣ ಮಾತ್ರ ಬೇರೆ. ಸುರಭಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, "ದಿಸ್ ಫ್ಯಾಮಿಲಿ ಈಸ್ ಇನ್ಸೇನ್," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

"ಕೊನೆಗಳಿಗೆಯಲ್ಲಿ ಏನಾದ್ರೂ ಹೇಳಿದ್ರಾ?" ಕೇಳಿದರು ಶೇಷಾದ್ರಿ ಅಂಕಲ್.

"ಉಪ್ಪಿಟ್ಟು ತಿಂತಿದೀನಿ ಅಂದ್ರು."

"ಪುಣ್ಯವಂತರು."

ಜಾನ್ಸ್ ಕ್ರೀಕಿನ ಬೀದಿಗೆ ತಿರುಗಿದಾಗ ಮೂರು ಗಂಟೆ. ಮುಂದೆ ಕ್ಯಾರವಾನ್, ಹಿಂದೆ ಎರಡು ಕಾರು, ಎಲ್ಲದರಲ್ಲೂ ಬಿಳಿ ಬಟ್ಟೆಯವರು. ಅವಿನಾಶನ ಮನೆಯ ವರಾಂಡದಲ್ಲಿ ಬನಿಯನ್ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು, ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುತ್ತ ಶ್ಯಾಮರಾಯರು ಕೂತಿದ್ದರು.

"ಎದ್ದು ಕುಂತಾರ!" ಎಂದು ಶಿವಕ್ಕ ಕಿರುಚಿ ಗಂಡನ ತೋಳು ಹಿಡಿದುಕೊಂಡಳು. ಡಾಕ್ಟರ್ ಬಸಲಿಂಗಪ್ಪ ಅಭ್ಯಾಸಬಲದಿಂದ ಮುಂದೆ ಹೋಗಿ ಶ್ಯಾಮರಾಯರ ಮಣಿಕಟ್ಟು ಹಿಡಿದು ನಾಡಿ ನೋಡಿದರು. "ನಾಡಿ ಛಲೋ ಅದ," ಎಂದರು. ದನಿಯಲ್ಲಿ ಸ್ವಲ್ಪ ನಿರಾಶೆ ಇದ್ದ ಹಾಗಿತ್ತು.

"ಗುರು, ಏನಿದು?" ಶೇಷಾದ್ರಿ ಅಂಕಲ್ ಮುಖ ಕೆಂಪಾಯಿತು. "ತಂದೆ ಬದುಕಿರೋವಾಗ ಜನಿವಾರ ಬಲಕ್ಕೆ ಹಾಕ್ಕೊಂಡು ತರ್ಪಣ ಬಿಟ್ಯಾ?"

ಶ್ಯಾಮರಾಯರು ಮಗನ ಮುಖ ನೋಡಿದರು. ಗ್ರೀಸು ಬಳಿದುಕೊಂಡು, ಹೋಂವರ್ಕ್ ಮಾಡದೆ ಬಂದ ಹುಡುಗನ ಹಾಗೆ ನಿಂತಿದ್ದ. ಬೆಳಗ್ಗೆ ಫೋನಿನಲ್ಲಿ "ಅಪ್ಪಾ, ಇದೀಯಾ" ಎಂದು ಕೇಳಿದ್ದ ದನಿ ಅವರಿಗೆ ನೆನಪಾಗಿರಬೇಕು. ಮುದುಕರಿಗೆ ಮಗನ ಮೇಲೆ ಕನಿಕರ ಬಂತು. ಮೂವತ್ತೆಂಟು ವರ್ಷದ ಹೆಡ್‌ಮಾಸ್ಟರಿಕೆಯನ್ನು ಪಕ್ಕಕ್ಕಿಟ್ಟು, ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರು.

"ಹೋದವನು ನಾನಲ್ಲ, ನಮ್ಮಣ್ಣ. ಮಕ್ಕಳಿರ್ಲಿಲ್ಲ ಅವನಿಗೆ. ಚಿಕ್ಕಂದಿನಲ್ಲೇ ಗುರುನ ದತ್ತು ಕೊಟ್ಟಿದ್ವಿ. ಶಾಸ್ತ್ರದ ಪ್ರಕಾರ ಅವನೇ ಇವನ ತಂದೆ."

"ಓಹೋ, ದತ್ತು!" ಶೇಷಾದ್ರಿ ಅಂಕಲ್ ಮುಖ ಅರಳಿತು. "ಹಾಗಾದ್ರೆ ಎಲ್ಲ ಸರಿಹೋಯ್ತು. ನೋಡಿದ್ರಾ, ನಾನು ತಂದೆ ಹೋದ್ರು ಅಂದಿದ್ದು ತಪ್ಪಲ್ಲ. ಫೋಟೋ ನೋಡೇ ಹೇಳ್ದೆ."

ಹೀಗೆ ಗುರುದತ್ತ ಐದು ನಿಮಿಷದಲ್ಲಿ ಇಲ್ಲದ ದೊಡ್ಡಪ್ಪನನ್ನು ಪಡೆದು, ಕಳೆದುಕೊಂಡ. ಆದರೂ ಅವನಿಗೆ ಕುಣಿಯಬೇಕು ಅನ್ನಿಸಿತು. ಮಾನ ಉಳಿಯಿತು! ಅಪ್ಪನ ಕಾಲಿಗೆ ಬಿದ್ದ. ನೋಡಿದವರೆಲ್ಲ ಕಣ್ಣೊರೆಸಿಕೊಂಡರು.

ಎಲ್ಲರೂ ಒಳಗೆ ಹೋದರು. ಶಿವಕ್ಕ ದುಃಖದ ಮನೆಯಲ್ಲಿ ಒಲೆ ಹಚ್ಚಬಾರದು ಎಂದು ತಂದಿದ್ದ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಗುರುದತ್ತ ಬೆಳಗ್ಗೆಯಿಂದ ಉಪವಾಸ. ನಾಲ್ಕನೆಯ ರೊಟ್ಟಿಗೆ ಕೈ ಹಾಕಿದ. ಬಲಗೈಯನ್ನೇ.

ಆಗ ಮೇಜಿನ ಮೇಲಿದ್ದ ಅವನ ಫೋನು ಟಿಂಗ್ ಅಂದಿತು. ಪಕ್ಕದಲ್ಲಿದ್ದ ಸುರಭಿ ಎತ್ತಿಕೊಂಡು ನೋಡಿದಳು. ಅರ್ಜಿ ಹಾಕಿದಾಗಿನಿಂದ ಅಪ್ಪ ಆ ಒಂದು ಇಮೇಲಿಗೆ ದೇವರ ಮುಂದೆ ದೀಪ ಹಚ್ಚಿ ಕಾದದ್ದನ್ನು ನೋಡಿದ್ದವಳು ಪಾಪ. ಕುಣಿದು ಎದ್ದುನಿಂತಳು.

"ಅಪ್ಪಾ! ಓ ಮೈ ಗಾಡ್! ಆಸ್ಟ್ರೇಲಿಯಾ ವೀಸಾ ಬಂತು! ಫೈನಲಿ, ನೀನು ಆಸ್ಟ್ರೇಲಿಯಾಗೆ ಹೋಗಬಹುದು!"

ಮನೆಯಲ್ಲಿ ರೊಟ್ಟಿ ಮುರಿಯುವ ಸದ್ದು ನಿಂತಿತು.

ಶೇಷಾದ್ರಿ ಅಂಕಲ್ ಫೋನ್ ಇಸಕೊಂಡು ಇಮೇಲನ್ನು ಎರಡು ಸಲ ಓದಿದರು. ಆಮೇಲೆ ತಮ್ಮ ಫೋನ್ ತೆಗೆದು ಶುಕ್ರವಾರದ ಫೋಟೋ ನೋಡಿದರು. ಕಿಟಕಿಯಿಂದ ಹೊರಗೆ ನಿಂತಿದ್ದ ಕ್ಯಾರವಾನ್ ನೋಡಿದರು. ಫೋನನ್ನು ಎತ್ತಿಕೊಂಡು ಗೋಡೆಯ ಕನ್ನಡಿಯ ಮುಂದೆ ಹಿಡಿದರು. ಅರವತ್ತೊಂಬತ್ತರಲ್ಲಿ ಬಂದ ವಿಜ್ಞಾನಿ ಅಲ್ಲವೇ, ತಡವಾದರೂ ಹೊಳೆಯಿತು.

"ಅದಕ್ಕ ಎಡಗೈಲೆ ಉಣ್ಣಾಕ ಹತ್ತಿದ್ರು!" ಎಂದಳು ಶಿವಕ್ಕ.

"ಹಂಗಾದ್ರ ಯಾರೂ ಸತ್ತಿಲ್ಲ?" ಬಸಲಿಂಗಪ್ಪ ಕೇಳಿದರು. "ಹತ್ತು ತಾಸು ಗಾಡಿ ಹೊಡದೀವಲ್ರೀ!"

ಎಲ್ಲರ ಕಣ್ಣೂ ಶ್ಯಾಮರಾಯರ ಕಡೆ ತಿರುಗಿತು. ಮುದುಕರು ಎಣ್ಣೆಗಾಯಿಯಿಂದ ತಲೆ ಎತ್ತಲಿಲ್ಲ.

"ನನ್ನನ್ನ ಯಾಕೆ ನೋಡ್ತೀರಿ? ಅವನನ್ನ ದತ್ತು ಕೊಟ್ಟಾಗಿದೆ."

ಮೊದಲು ನಕ್ಕದ್ದು ಬಸಲಿಂಗಪ್ಪ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಶಿವಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಶೇಷಾದ್ರಿ ಅಂಕಲ್ ಮಾತ್ರ ನಗಲಿಲ್ಲ. "ಇಷ್ಟು ದೂರ ಬಂದಾಗಿದೆ. ಫೋಟೋದಲ್ಲಿರೋ ಜಾಗ ಚೆನ್ನಾಗಿದೆ. ಎಲ್ಲಿ ಅದು?" ಎಂದರು.

"ಇಲ್ಲಿಂದ ನೂರು ಮೈಲಿ," ಎಂದ ಗುರುದತ್ತ ಸಣ್ಣ ದನಿಯಲ್ಲಿ.

"ನಡಿ ಹಾಗಾದ್ರೆ. ಬೆಳಕಿರೋವಾಗ್ಲೇ ನೋಡ್ಬಿಡೋಣ."

ಏಳೂ ಜನ ಕ್ಯಾರವಾನಿಗೆ ಹತ್ತಿದರು. ದತ್ತು ಕೊಟ್ಟವರೂ ಪ್ಯಾಂಟು ಹಾಕಿಕೊಂಡು ಬಂದು ಕಿಟಕಿ ಪಕ್ಕದ ಜಾಗ ಹಿಡಿದರು. ಒಬ್ಬ ಕನ್ನಡಿಗನೂ ಕಣ್ಣಿಗೆ ಬೀಳದ ಕಡೆ ಹತ್ತು ದಿನ ಇರಬೇಕು ಅಂದುಕೊಂಡವನು ಹತ್ತು ಜನ ಕನ್ನಡಿಗರನ್ನು ತುಂಬಿಕೊಂಡು, ಅಂತ್ಯಾಕ್ಷರಿ ಕೇಳುತ್ತ ಗಾಡಿ ಓಡಿಸಿದ.

"ವೀಸಾ ಬಂತಲ್ಲ ರತ್ನಾ," ಎಂದ ಗುರುದತ್ತ ಮೆಲ್ಲಗೆ, ಹೆಂಡತಿಗೆ ಮಾತ್ರ ಕೇಳುವ ಹಾಗೆ. "ಡಿಸೆಂಬರಲ್ಲಿ ನಿಜವಾಗ್ಲೂ ಹೋಗೋಣ. ಚೆನ್ನಾಗಿ ಫೋಟೋ ತೆಗೆಯೋಣ. ಎಲ್ರಿಗೂ ಕಳಿಸೋಣ."

ರತ್ನಾ ಅವನ ಮುಖವನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದಳು. "ಕಳಿಸಿ. ಯಾರ್ರೀ ನಂಬ್ತಾರೆ?"

ಕೆಂಪು ಬಯಲು ತಲುಪಿದಾಗ ಸಂಜೆ ಆರೂವರೆ. ಬೇಸಿಗೆಯ ಬಿಸಿಲು ಇನ್ನೂ ಇತ್ತು. ಕ್ಯಾಂಪ್‌ಗ್ರೌಂಡಿನ ಯಜಮಾನ ಕಿತ್ತುಹೋದ ನಲ್ಲಿಯ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಅವನನ್ನು ದಾಟಿಕೊಂಡು ಎಲ್ಲರೂ ಮಣ್ಣಿಗಿಳಿದು ಕಣ್ಣಗಲಿಸಿ ನೋಡಿದರು. "ಖರೇನ ಆಸ್ಟ್ರೇಲಿಯಾ ಇದ್ದಂಗ ಅದ," ಎಂದು ಬಸಲಿಂಗಪ್ಪ ಸರ್ಟಿಫಿಕೇಟ್ ಕೊಟ್ಟರು. ಶಿವಕ್ಕ ಗುರುದತ್ತನನ್ನು ಸ್ಟೀರಿಂಗ್ ಮುಂದೆ ಕೂರಿಸಿ, ಎಡಗಡೆಯಲ್ಲೇ, ಒಂದು ಫೋಟೋ ಹೊಡೆದು, ತಿರುಗಿಸದೆ, ಗುಂಪಿಗೆ ಕಳಿಸಿದಳು. ಕೆಳಗೆ ಎರಡೇ ಪದ ಬರೆದಳು: "ಆಸ್ಟ್ರೇಲಿಯಾ ಗುರುದತ್ತ."

ಅರ್ಧ ನಿಮಿಷದಲ್ಲಿ ಮೊದಲ ಉತ್ತರ ಬಂತು. ಒಂಬತ್ತು ವರ್ಷದಿಂದ ಇಂಥ ಒಬ್ಬನಿಗಾಗಿ ಕಾದು ಕೂತಿದ್ದ ದೋಣಿ ಕಲ್ಮೇಶ ಬರೆದಿದ್ದ: "ಓಂ ಶಾಂತಿ."

ಈ ಸಲ ಯಾರಿಗೆ ಅಂತ ಗುರುದತ್ತ ಕೇಳಲಿಲ್ಲ.